ಬೀಗ ಮುರಿಯದೆ ಒಳಗೆ ಬರುವವರು: ಮಲೆನಾಡಿನ ಫೋನು, ಕಂಪ್ಯೂಟರುಗಳಿಂದ ಖಾತೆಗಳು ಕಳುವಾಗುವ ಬಗೆ

ಮೂಡಿಗೆರೆ ಕಡೆಯ ಒಂದು ಹೋಂಸ್ಟೇ ಎಂದಿಟ್ಟುಕೊಳ್ಳಿ. ಗುರುವಾರ ಸಂಜೆ ಮಾಲೀಕರ ಮೇಲ್‌ಗೆ ಒಂದು ಪತ್ರ ಬರುತ್ತದೆ. ಕಳೆದ ವಾರ ಉಳಿದಿದ್ದ ಅತಿಥಿಯೊಬ್ಬರು ದೂರು ಕೊಟ್ಟಿದ್ದಾರೆ, ಹಾಸಿಗೆಯಲ್ಲಿ ತಿಗಣೆ ಇತ್ತಂತೆ, 24 ಗಂಟೆಯೊಳಗೆ ಉತ್ತರ ಕೊಡದಿದ್ದರೆ ನಿಮ್ಮ ಹೋಂಸ್ಟೇಯನ್ನು ಪಟ್ಟಿಯಿಂದ ತೆಗೆಯಲಾಗುವುದು ಎಂದು ಬುಕಿಂಗ್ ಕಂಪನಿಯ ಹೆಸರಿನಲ್ಲೇ ಬರೆದಿರುತ್ತದೆ. ಶನಿವಾರ, ಭಾನುವಾರದ ಕೋಣೆಗಳು ತುಂಬುವುದು ಆ ಕಂಪನಿಯಿಂದಲೇ. ಗಾಬರಿಯಲ್ಲಿ ಲಿಂಕ್ ಒತ್ತಿದರೆ ‘ನಾನು ರೋಬೋಟ್ ಅಲ್ಲ’ ಎನ್ನುವ, ದಿನಾ ನೋಡುವ ಅದೇ ಚೌಕ. ಟಿಕ್ ಹಾಕಿದ ಮೇಲೆ ಮೂರು ಸಾಲಿನ ಸೂಚನೆ: ಕೀಬೋರ್ಡಿನಲ್ಲಿ ವಿಂಡೋಸ್ ಮತ್ತು ಆರ್ ಒಟ್ಟಿಗೆ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ.

ಈ ಮೂರು ಒತ್ತುಗಳಲ್ಲಿ ಕೆಲಸ ಮುಗಿಯುತ್ತದೆ. ಟಿಕ್ ಹಾಕಿದ ಕ್ಷಣದಲ್ಲೇ ಆ ಪುಟ ಒಂದು ಆಜ್ಞೆಯನ್ನು ಕಂಪ್ಯೂಟರಿನ ಕ್ಲಿಪ್‌ಬೋರ್ಡಿಗೆ, ಅಂದರೆ ಕಾಪಿ ಮಾಡಿದ್ದು ಪೇಸ್ಟ್ ಆಗುವ ತನಕ ಕೂರುವ ಜಾಗಕ್ಕೆ, ಸದ್ದಿಲ್ಲದೆ ಕಾಪಿ ಮಾಡಿರುತ್ತದೆ. ಮೊದಲ ಒತ್ತಿಗೆ, ಕಂಪ್ಯೂಟರಿಗೆ ನೇರ ಆಜ್ಞೆ ಕೊಡುವ ‘ರನ್’ ಪೆಟ್ಟಿಗೆ ತೆರೆಯುತ್ತದೆ, ಎರಡನೆಯದಕ್ಕೆ ಆ ಆಜ್ಞೆ ಅದರೊಳಗೆ ಬಂದು ಕೂರುತ್ತದೆ, ಎಂಟರ್ ಒತ್ತಿದರೆ ಅದು ನಡೆದು ಕಳ್ಳ ಪ್ರೋಗ್ರಾಮ್ ಒಂದನ್ನು ಇಳಿಸಿಕೊಳ್ಳುತ್ತದೆ. ಮಾಲೀಕರೇ ತಮ್ಮ ಕೈಯಾರೆ ನಡೆಸಿದ ಆಜ್ಞೆಯಾದ್ದರಿಂದ ಆಂಟಿವೈರಸ್ ಎಷ್ಟೋ ಸಲ ಸುಮ್ಮನಿರುತ್ತದೆ. ಈ ವಿಧಾನಕ್ಕೆ ಕ್ಲಿಕ್‌ಫಿಕ್ಸ್ ಎಂಬ ಹೆಸರಿದೆ. ಬುಕಿಂಗ್ ಡಾಟ್ ಕಾಮ್ ಹೆಸರಿನಲ್ಲಿ ಹೋಟೆಲು, ವಸತಿಗೃಹದವರನ್ನೇ ಹುಡುಕಿ ಇಂಥ ಪತ್ರ ಕಳಿಸುತ್ತಿರುವುದನ್ನು ಮೈಕ್ರೋಸಾಫ್ಟ್ 2025ರ ಮಾರ್ಚ್‌ನಲ್ಲಿ ವಿವರವಾಗಿ ಪ್ರಕಟಿಸಿತು. ಗುರಿಯಾದ ಪ್ರದೇಶಗಳಲ್ಲಿ ದಕ್ಷಿಣ ಏಷ್ಯಾವೂ ಇತ್ತು. ಒಂದು ಮಾತನ್ನು ಕಂಪ್ಯೂಟರಿನ ಪಕ್ಕದ ಗೋಡೆಗೆ ಬರೆದು ಅಂಟಿಸಿದರೂ ತಪ್ಪಿಲ್ಲ: ಮನುಷ್ಯರೋ ರೋಬೋಟೋ ಎಂದು ನೋಡುವ ಯಾವ ಅಸಲಿ ಪರೀಕ್ಷೆಯೂ ವಿಂಡೋಸ್ ಮತ್ತು ಆರ್ ಒತ್ತಲು ಹೇಳುವುದಿಲ್ಲ.

ಇಳಿದ ಕಳ್ಳ ಪ್ರೋಗ್ರಾಮ್ ಪರದೆ ಮೇಲೆ ಏನನ್ನೂ ತೋರಿಸುವುದಿಲ್ಲ. ಬ್ರೌಸರಿನಲ್ಲಿ ‘ಸೇವ್ ಮಾಡಲಾ?’ ಎಂದು ಕೇಳಿದಾಗ ಹೂಂ ಎಂದು ಉಳಿಸಿದ ಪಾಸ್‌ವರ್ಡುಗಳು, ತಾನಾಗಿ ತುಂಬಿಕೊಳ್ಳುವ ಹೆಸರು, ವಿಳಾಸ, ಕಾರ್ಡ್ ವಿವರ, ಡೆಸ್ಕ್‌ಟಾಪಿನಲ್ಲಿ ‘ಪಾಸ್‌ವರ್ಡ್’ ಎಂದೇ ಹೆಸರಿಟ್ಟ ಫೈಲು, ಇವನ್ನೆಲ್ಲ ಒಂದು ಗಂಟು ಕಟ್ಟಿ ಹೊರಗೆ ಕಳಿಸುತ್ತದೆ. ನಿಮಿಷಗಳ ಕೆಲಸ. ಕೆಲವು ಪ್ರೋಗ್ರಾಮ್‌ಗಳು ಆಮೇಲೆ ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ. ಬ್ರೌಸರ್ ಆ ಪಾಸ್‌ವರ್ಡುಗಳನ್ನು ಗೂಢಲಿಪಿಯಲ್ಲೇ ಇಟ್ಟಿರುತ್ತದೆ ನಿಜ. ಆದರೆ ಅದನ್ನು ಬಿಡಿಸುವ ಕೀಲಿ ವಿಂಡೋಸಿನಲ್ಲಿ ಲಾಗಿನ್ ಆದ ಬಳಕೆದಾರರ ಹೆಸರಿಗೇ ಸೇರಿದ್ದು. ಕಳ್ಳ ಪ್ರೋಗ್ರಾಮ್ ನಡೆಯುತ್ತಿರುವುದೂ ಅವರ ಹೆಸರಿನಲ್ಲೇ. 2024ರ ಜುಲೈನಲ್ಲಿ ಬಂದ 127ನೇ ಆವೃತ್ತಿಯಿಂದ ಶುರುಮಾಡಿ ಕ್ರೋಮ್ ಇಂಥ ಬಾಗಿಲುಗಳಿಗೆ ಒಂದೊಂದಾಗಿ ಇನ್ನೊಂದು ಚಿಲಕ ಹಾಕತೊಡಗಿತು. ಕೆಲವೇ ತಿಂಗಳಲ್ಲಿ ಕಳ್ಳರು ಅದನ್ನೂ ಸರಿಸುವ ದಾರಿ ಕಂಡುಕೊಂಡರು.

ಆ ಗಂಟಿನಲ್ಲಿ ಪಾಸ್‌ವರ್ಡಿಗಿಂತ ಬೆಲೆಬಾಳುವುದು ಕುಕೀ, ಅಂದರೆ ನೀವು ಲಾಗಿನ್ ಆದಾಗ ತಾಣ ನಿಮ್ಮ ಬ್ರೌಸರಿನಲ್ಲಿ ಇಡುವ ಗುರುತಿನ ಚೀಟಿ. ಹಾಸನಾಂಬೆಯ ದರ್ಶನದ ದಿನಗಳಲ್ಲಿ ಕೊಡುವ ಪಾಸ್‌ನಂತೆ ಅದು. ಪಾಸ್ ಕೊಡುವ ಜಾಗದಲ್ಲಿ ಏನೇನು ವಿಚಾರಿಸಿದ್ದರೂ, ಕೈಗೆ ಬಂದ ಮೇಲೆ ಪಾಸ್ ಹಿಡಿದವರಿಗೆ ದಾರಿ. ನೀವು ಬೆಳಿಗ್ಗೆ ಪಾಸ್‌ವರ್ಡ್ ಹಾಕಿ, ಓಟಿಪಿ ಹಾಕಿ ಮೇಲ್ ತೆರೆದಿರಿ. ಸಂಜೆ ಮತ್ತೆ ತೆರೆದಾಗ ಅದು ಏನೂ ಕೇಳುವುದಿಲ್ಲ, ಏಕೆಂದರೆ ಬೆಳಿಗ್ಗೆ ಕೊಟ್ಟ ಪಾಸ್ ಬ್ರೌಸರಿನಲ್ಲಿ ಕುಳಿತಿದೆ. ಕಳ್ಳ ಆ ಕುಕೀಯನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡರೆ ಅವನನ್ನೂ ಏನೂ ಕೇಳುವುದಿಲ್ಲ. ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ‘ನನಗೆ ಓಟಿಪಿ ಬರಲೇ ಇಲ್ಲ, ಖಾತೆ ಹೋಗಿದ್ದು ಹೇಗೆ?’ ಎಂದು ಕೇಳುವವರಿಗೆ ಸಿಗುವ ಉತ್ತರಗಳಲ್ಲಿ ಇದು ಮುಖ್ಯವಾದದ್ದು.

ಹೀಗೆ ಕದ್ದ ಗಂಟುಗಳನ್ನು ಮಾರುವವರು ಬೇರೆ, ಕೊಳ್ಳುವವರು ಬೇರೆ, ಪ್ರೋಗ್ರಾಮ್ ಬರೆದು ತಿಂಗಳ ಬಾಡಿಗೆಗೆ ಕೊಡುವವರೇ ಬೇರೆ. ರೆಡ್‌ಲೈನ್ ಎಂಬ ಪ್ರೋಗ್ರಾಮಿನ ಜಾಲವನ್ನು 2024ರ ಅಕ್ಟೋಬರ್‌ನಲ್ಲಿ ನೆದರ್ಲೆಂಡ್ಸ್ ಪೊಲೀಸರು ಬೇರೆ ದೇಶದವರ ಜೊತೆ ಸೇರಿ ಬಂದ್ ಮಾಡಿದರು. ಲುಮ್ಮಾ ಎಂಬುದರ ಮೇಲೆ 2025ರ ಮೇನಲ್ಲಿ ಮೈಕ್ರೋಸಾಫ್ಟ್ ಮತ್ತು ಅಮೆರಿಕದ ನ್ಯಾಯ ಇಲಾಖೆ ಕ್ರಮ ಕೈಗೊಂಡವು. ಒಂದು ಮುಚ್ಚಿದರೆ ಇನ್ನೊಂದು ತಲೆ ಎತ್ತುತ್ತಿದೆ.

ಹೋಂಸ್ಟೇಯ ಖಾತೆ ಕೈಗೆ ಬಂದ ಮೇಲೆ ಕಳ್ಳರು ಮಾಲೀಕರ ದುಡ್ಡಿಗೆ ಕೈ ಹಾಕಬೇಕೆಂದೇನಿಲ್ಲ. ಮುಂದಿನ ವಾರ ಬರಬೇಕಾದ ಅತಿಥಿಗಳಿಗೆ ಅದೇ ಆ್ಯಪ್‌ನೊಳಗಿಂದ ‘ನಿಮ್ಮ ಕಾರ್ಡ್ ದೃಢೀಕರಣ ಆಗಿಲ್ಲ, ಈ ಲಿಂಕ್‌ನಲ್ಲಿ ಮತ್ತೊಮ್ಮೆ ಪಾವತಿಸಿ, ಇಲ್ಲವಾದರೆ ಬುಕಿಂಗ್ ರದ್ದಾಗುತ್ತದೆ’ ಎಂದು ಕಳಿಸುತ್ತಾರೆ. ಅತಿಥಿಯ ಹೆಸರು, ದಿನಾಂಕ, ಕೋಣೆ ಎಲ್ಲವೂ ಸರಿಯಿರುವಾಗ ಅನುಮಾನ ಎಲ್ಲಿಂದ ಬರಬೇಕು? ದುಡ್ಡು ಕಳೆದುಕೊಂಡವರು ಬೆಂಗಳೂರಿನಿಂದ ಬಂದು ಜಗಳಕ್ಕೆ ನಿಲ್ಲುವುದು ಹೋಂಸ್ಟೇ ಬಾಗಿಲಲ್ಲಿ.

ಮೇಲ್ ಬಂದಾಗಲೇ ತಪ್ಪಿಸಿಕೊಳ್ಳುವ ದಾರಿ ಸರಳ. ದೂರಿನ ಪತ್ರ ಯಾವುದೇ ಇರಲಿ, ಅದರಲ್ಲಿರುವ ಲಿಂಕ್ ಬಿಟ್ಟು, ಕಂಪನಿಯ ಆ್ಯಪನ್ನು ನೀವೇ ತೆರೆದು ಅಲ್ಲಿ ದೂರು ಇದೆಯಾ ನೋಡಿ. ಇದ್ದರೆ ಅಲ್ಲಿ ಕಂಡೇ ಕಾಣುತ್ತದೆ.

ತೋಟದ ಆಫೀಸಿನ ಕಂಪ್ಯೂಟರಿಗೂ ಇದೇ ಕಾಯಿಲೆ ಬೇರೆ ದಾರಿಯಲ್ಲಿ ಬರುತ್ತದೆ. ಲೆಕ್ಕ ಬರೆಯುವ ತಂತ್ರಾಂಶದ, ದುಡ್ಡು ಕೊಡದೆ ಬಳಸಲು ಬೀಗ ಮುರಿದ ‘ಕ್ರ್ಯಾಕ್’ ಪ್ರತಿ, ಯಾವುದೋ ತಾಣದಿಂದ ಇಳಿಸಿದ ಕನ್ನಡ ಫಾಂಟು, ಪುಕ್ಕಟೆ ಫೋಟೋ ತಂತ್ರಾಂಶ. ‘ಹಾಕಿಕೊಳ್ಳುವಾಗ ಆಂಟಿವೈರಸ್ ಆಫ್ ಮಾಡಿ’ ಎಂದು ಯಾವುದಾದರೂ ಹೇಳಿದರೆ, ಅಲ್ಲಿಗೆ ನಿಲ್ಲಿಸಿಬಿಡಿ. ರೈಟರು ಕೂರುವ ಆ ಒಂದೇ ಕಂಪ್ಯೂಟರಿನಲ್ಲಿ ತೋಟದ ನೆಟ್‌ಬ್ಯಾಂಕಿಂಗ್, ಜಿಎಸ್‌ಟಿ, ಪಿಎಫ್, ಮಾಲೀಕರ ಮೇಲ್ ಎಲ್ಲವೂ ಸೇವ್ ಆಗಿ ಕೂತಿರುತ್ತವೆ.

ಓಟಿಪಿ ಎಂಬ ತಡೆಬೇಲಿ ಎಷ್ಟು ಗಟ್ಟಿ?

‘ಓಟಿಪಿ ಯಾರಿಗೂ ಹೇಳಬೇಡಿ’ ಎಂಬ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ಮಾತು ಸರಿ, ಆದರೆ ಇವತ್ತಿಗೆ ಅದಷ್ಟೇ ಸಾಲದು. ಬಾಯಿಬಿಟ್ಟು ಹೇಳದೆಯೂ ಓಟಿಪಿ ಹೋಗುವ ಮೂರು ದಾರಿಗಳಿವೆ.

ಮೊದಲನೆಯದು ನಡುವೆ ಕೂತ ನಕಲಿ ಪುಟ. ಹಿಂದೆ ನಕಲಿ ಪುಟವೆಂದರೆ ಬ್ಯಾಂಕಿನ ಪುಟದ ಒಂದು ಫೋಟೋದಂತಿತ್ತು. ಪಾಸ್‌ವರ್ಡ್ ನುಂಗಿ ಸುಮ್ಮನಾಗುತ್ತಿತ್ತು. ಈಗ ಕಳ್ಳರ ಸರ್ವರ್ ನಿಮ್ಮ ಮತ್ತು ಅಸಲಿ ತಾಣದ ನಡುವೆ ದಲ್ಲಾಳಿಯಂತೆ ಕೂರುತ್ತದೆ. ನೀವು ಪಾಸ್‌ವರ್ಡ್ ಬರೆದರೆ ಅದನ್ನು ಅಸಲಿ ತಾಣಕ್ಕೆ ದಾಟಿಸುತ್ತದೆ, ಅಸಲಿ ತಾಣವೇ ನಿಮಗೆ ಓಟಿಪಿ ಕಳಿಸುತ್ತದೆ, ಅದನ್ನೂ ನೀವು ಅಲ್ಲೇ ಬರೆಯುತ್ತೀರಿ, ಲಾಗಿನ್ ನಿಜವಾಗಿಯೇ ಆಗುತ್ತದೆ. ಆಗ ಹುಟ್ಟುವ ಕುಕೀ ದಲ್ಲಾಳಿಯ ಕೈಯಲ್ಲಿ ಉಳಿಯುತ್ತದೆ. ಫೋನಿನಲ್ಲಿ ಸರಿಯಾದ ಓಟಿಪಿ ಬಂತು, ಸರಿಯಾದ ಪುಟವೇ ತೆರೆಯಿತು. ಮೋಸಹೋದವರಿಗೆ ಮೋಸ ಆಗಿದ್ದೇ ಗೊತ್ತಾಗುವುದಿಲ್ಲ.

ಇಲ್ಲಿ ಉಳಿಯುವ ಒಂದೇ ಗುರುತು ವಿಳಾಸ. ಅದನ್ನು ಓದುವ ಕ್ರಮ ಹೀಗೆ: ಎಚ್‌ಟಿಟಿಪಿಎಸ್‌ನ ಮುಂದಿನ ಎರಡು ಗೀಟು ಬಿಟ್ಟು, ಆಮೇಲೆ ಸಿಗುವ ಮೊದಲ ಓರೆಗೀಟಿನ ತನಕ ಹೋಗಿ, ಅಲ್ಲಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ ಓದಿ. ಕೊನೆಯ ಎರಡು ಮೂರು ತುಂಡುಗಳಷ್ಟೇ ಮಾಲೀಕರ ಹೆಸರು. ಅದರ ಎಡಕ್ಕೆ ಏನನ್ನು ಬೇಕಾದರೂ ಬರೆದುಕೊಳ್ಳಬಹುದು. ‘ಪಿಎಂಕಿಸಾನ್ ಡಾಟ್ ಗವ್ ಡಾಟ್ ಇನ್ ಡಾಟ್ ಕೆವೈಸಿ-ಅಪ್‌ಡೇಟ್ ಡಾಟ್ ಟಾಪ್’ ಎಂದಿದ್ದರೆ ಅದು ಕೆವೈಸಿ-ಅಪ್‌ಡೇಟ್ ಎಂಬ ಯಾರೋ ಒಬ್ಬರದು. ಬೀಗದ ಚಿಹ್ನೆಗೆ ಬೆಲೆ ಕೊಡಬೇಡಿ. ದಾರಿಯಲ್ಲಿ ಬೇರೆಯವರು ಓದಲಾರರು ಎಂಬುದಷ್ಟೇ ಅದರ ಅರ್ಥ. ಕಳ್ಳರಿಗೂ ಅದು ಪುಕ್ಕಟೆ ಸಿಗುತ್ತದೆ. ಕ್ರೋಮ್ 2023ರಲ್ಲಿ ಆ ಚಿಹ್ನೆಯನ್ನೇ ತೆಗೆದುಹಾಕಿತು. ಬ್ಯಾಂಕುಗಳ ಮಟ್ಟಿಗೆ ಒಂದು ಅನುಕೂಲ ಆಗಿದೆ: ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ತಮ್ಮ ವಿಳಾಸವನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬದಲಿಸಿಕೊಳ್ಳಬೇಕೆಂದು ಸೂಚಿಸಿತ್ತು. ಈ ಬಾಲವನ್ನು ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಹಾಗಾಗಿ ನಿಮ್ಮ ಬ್ಯಾಂಕಿನ ಹೆಸರು, ಅದರ ಬಲಕ್ಕೆ ಈ ಬಾಲ, ಆಮೇಲೆ ಓರೆಗೀಟು ಇದೆಯೇ ಎಂದು ನೋಡಿದರೆ ಸಾಕು.

ಎರಡನೆಯ ದಾರಿ ಎಪಿಕೆ ಫೈಲು. ಹಳ್ಳಿಯ ವಾಟ್ಸ್ಆ್ಯಪ್ ಗುಂಪಿಗೆ, ಬೆಳೆಗಾರರ ಗುಂಪಿಗೆ, ಪರಿಚಯದವರ ನಂಬರಿನಿಂದಲೇ ಬರುತ್ತದೆ: ಪಿಎಂ ಕಿಸಾನ್ ಇ-ಕೆವೈಸಿ, ಆರ್‌ಟಿಒ ಚಲನ್, ಬ್ಯಾಂಕ್ ರಿವಾರ್ಡ್, ಲಗ್ನಪತ್ರಿಕೆ. ಕಳಿಸಿದವರ ಫೋನು ಆಗಲೇ ಕಳ್ಳರ ಕೈಯಲ್ಲಿದೆ, ಅಷ್ಟೇ. ಲಗ್ನಪತ್ರಿಕೆ ಫೋಟೋ ಅಥವಾ ಪಿಡಿಎಫ್ ಆಗಿರುತ್ತದೆ; ಫೈಲಿನ ಹೆಸರಿನ ಕೊನೆಗೆ ಎಪಿಕೆ ಎಂದಿದ್ದರೆ ಅದು ಒಂದು ಆ್ಯಪ್. ಒತ್ತಿದರೆ ಫೋನು ‘ಗೊತ್ತಿಲ್ಲದ ಮೂಲದಿಂದ ಹಾಕಲು ಅನುಮತಿ ಕೊಡಲಾ?’ ಎಂದು ಕೇಳುತ್ತದೆ. ಅಲ್ಲಿಯೇ ನಿಲ್ಲಿಸಬೇಕು. ಮುಂದುವರಿದರೆ ಎಸ್‌ಎಂಎಸ್ ಓದುವ ಅನುಮತಿ, ಆಮೇಲೆ ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಕೇಳುತ್ತದೆ. ಈ ಎರಡನೆಯದು ದೃಷ್ಟಿದೋಷ ಇರುವವರಿಗೆ ನೆರವಾಗಲಿ ಎಂದು ಮಾಡಿದ್ದು. ಅದನ್ನು ಪಡೆದ ಆ್ಯಪ್ ಪರದೆಯ ಮೇಲಿರುವುದನ್ನೆಲ್ಲ ಓದಬಲ್ಲದು, ನಿಮ್ಮ ಪರವಾಗಿ ಗುಂಡಿ ಒತ್ತಬಲ್ಲದು, ಡಿಲೀಟ್ ಮಾಡಲು ಹೋದರೆ ಆ ಪುಟವನ್ನೇ ಮುಚ್ಚಬಲ್ಲದು. ಬಂದ ಓಟಿಪಿ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಹೊರಟುಹೋಗಿರುತ್ತದೆ.

ಹಾಕಿಕೊಂಡಾಗಿದೆ, ಐಕಾನ್ ಕೂಡ ಕಾಣುತ್ತಿಲ್ಲ ಎಂದಾದರೆ: ಮೊದಲು ಏರ್‌ಪ್ಲೇನ್ ಮೋಡ್, ವೈಫೈ ಕೂಡ ಬಂದ್. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆಮಾಡಿ ಯುಪಿಐ ಮತ್ತು ನೆಟ್‌ಬ್ಯಾಂಕಿಂಗ್ ನಿಲ್ಲಿಸಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿ ತೆರೆದು ಆ ಹೆಸರು ಹುಡುಕಿ. ಅನ್‌ಇನ್‌ಸ್ಟಾಲ್ ಗುಂಡಿ ಮಸುಕಾಗಿದ್ದರೆ ‘ಡಿವೈಸ್ ಅಡ್ಮಿನ್’ ಪಟ್ಟಿಯಲ್ಲಿ ಅದರ ಟಿಕ್ ತೆಗೆಯಬೇಕು. ಅದಕ್ಕೂ ಬಿಡದಿದ್ದರೆ ಸೇಫ್ ಮೋಡ್‌ನಲ್ಲಿ ಫೋನು ಶುರು ಮಾಡಿ ತೆಗೆಯಬಹುದು. ಆ ಸ್ಥಿತಿಯಲ್ಲಿ ಹೊರಗಿನಿಂದ ಹಾಕಿದ ಆ್ಯಪ್‌ಗಳು ಓಡುವುದಿಲ್ಲ. ದೂರಿಗೆ ಬೇಕಾದ ಸ್ಕ್ರೀನ್‌ಶಾಟ್, ಮೆಸೇಜುಗಳನ್ನು ತೆಗೆದಿಟ್ಟುಕೊಂಡು, ಕೊನೆಗೆ ಫ್ಯಾಕ್ಟರಿ ರೀಸೆಟ್ ಮಾಡುವುದೇ ಕ್ಷೇಮ. ಪಿಎಂ ಕಿಸಾನ್‌ನ ಇ-ಕೆವೈಸಿಗೆ ಸರ್ಕಾರದ ಪೋರ್ಟಲ್, ಪ್ಲೇಸ್ಟೋರಿನಲ್ಲಿರುವ ಆ್ಯಪ್ ಅಥವಾ ಸಾಮಾನ್ಯ ಸೇವಾ ಕೇಂದ್ರ, ಈ ಮೂರೇ ದಾರಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೈಲು ಯಾವತ್ತೂ ಅಲ್ಲ.

ಟವರ್ ಇಲ್ಲದ ಊರಿನ ವಿಶೇಷ ತೊಂದರೆ

ಮೂರನೆಯ ದಾರಿ ಸಿಮ್. ನಿಮ್ಮ ಹೆಸರಿನಲ್ಲಿ ‘ಸಿಮ್ ಕಳೆದಿದೆ’ ಎಂದು ಹೇಳಿ ಕಳ್ಳ ಬೇರೆ ಸಿಮ್ ತೆಗೆದುಕೊಂಡರೆ, ಅಥವಾ ನಿಮ್ಮಿಂದಲೇ ಒಂದು ಓಟಿಪಿ ಪಡೆದು ಇ-ಸಿಮ್ (ಚಿಪ್ ಹಾಕದೆ ಫೋನಿನೊಳಗೇ ನಡೆಯುವ ಸಿಮ್) ಮಾಡಿಕೊಂಡರೆ, ನಿಮ್ಮ ನಂಬರು ಅವನ ಫೋನಿಗೆ ಹೋಗುತ್ತದೆ. ಆಗ ಕಾಣುವ ಮೊದಲ ಲಕ್ಷಣ ನಿಮ್ಮ ಫೋನಿನಲ್ಲಿ ಟವರ್ ಹೋಗುವುದು. ಬೆಂಗಳೂರಿನಲ್ಲಿ ಎರಡು ಗಂಟೆ ಟವರ್ ಹೋದರೆ ಜನ ಗಾಬರಿಯಾಗುತ್ತಾರೆ. ಕಳಸದಲ್ಲೋ ಕೊಟ್ಟಿಗೆಹಾರದಲ್ಲೋ ಮಳೆಗಾಲದಲ್ಲಿ ಎರಡು ದಿನ ಹೋದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿದಿರಬೇಕು ಎಂದು ಸುಮ್ಮನಾಗುತ್ತಾರೆ. ಮಲೆನಾಡಿನ ಈ ಅಭ್ಯಾಸ ಕಳ್ಳರಿಗೆ ಸಮಯ ಕೊಡುತ್ತದೆ.

ವ್ಯತ್ಯಾಸ ತಿಳಿಯುವುದು ಕಷ್ಟವೇನಲ್ಲ. ಮನೆಯಲ್ಲಿ ಅದೇ ಕಂಪನಿಯ ಇನ್ನೊಂದು ಸಿಮ್‌ಗೆ ಟವರ್ ಇದ್ದು ನಿಮ್ಮದಕ್ಕೆ ಮಾತ್ರ ಇಲ್ಲದಿದ್ದರೆ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಗಲೂ ಬಾರದಿದ್ದರೆ ಬೇರೆ ಫೋನಿನಿಂದ ನಿಮ್ಮ ನಂಬರಿಗೇ ಕರೆಮಾಡಿ. ರಿಂಗ್ ಆಗುತ್ತಿದ್ದು ನಿಮ್ಮ ಕೈಯಲ್ಲಿರುವ ಫೋನು ಸುಮ್ಮನಿದ್ದರೆ ಒಂದು ನಿಮಿಷವೂ ಕಾಯಬೇಡಿ: ಸಿಮ್ ಕಂಪನಿಗೆ ಹೇಳಿ ನಂಬರ್ ಬಂದ್ ಮಾಡಿಸಿ, ಬ್ಯಾಂಕಿಗೆ ಹೇಳಿ. ಹೊಸ ಸಿಮ್ ಕೊಟ್ಟ ಮೇಲೆ 24 ಗಂಟೆ ಎಸ್‌ಎಂಎಸ್ ತಡೆಹಿಡಿಯಬೇಕೆಂಬ ನಿಯಮ ದೂರಸಂಪರ್ಕ ಇಲಾಖೆಯದು. 2024ರ ಜುಲೈ 1ರಿಂದ, ಸಿಮ್ ಬದಲಾದ 7 ದಿನ ಆ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡುವಂತಿಲ್ಲ. ಈ ತಡೆಗಳು ನಿಮಗೆ ಸಿಗುವ ಸಮಯ.

ಇದರ ತಮ್ಮನಂಥ ಮೋಸ ಕಾಲ್ ಫಾರ್ವರ್ಡ್. ‘ಕೊರಿಯರ್ ಬಂದಿದೆ, ಡೆಲಿವರಿ ಹುಡುಗನಿಗೆ ಕರೆ ಹೋಗಲು *21* ಒತ್ತಿ ಈ ನಂಬರ್ ಹಾಕಿ’ ಎನ್ನುತ್ತಾರೆ. ಹಾಗೆ ಮಾಡಿದರೆ ನಿಮಗೆ ಬರುವ ಕರೆಗಳೆಲ್ಲ ಅವರಿಗೆ ಹೋಗುತ್ತವೆ; ವಾಟ್ಸ್ಆ್ಯಪ್‌ನಂಥ ಸೇವೆಗಳು ಕರೆಯಲ್ಲಿ ಹೇಳುವ ಕೋಡೂ ಅವರ ಕಿವಿಗೇ ಬೀಳುತ್ತದೆ. *#21# ಒತ್ತಿದರೆ ಫಾರ್ವರ್ಡ್ ಆಗಿದೆಯೇ ಎಂದು ಗೊತ್ತಾಗುತ್ತದೆ. ##002# ಒತ್ತಿ ಕರೆಮಾಡಿದರೆ ಎಲ್ಲ ಫಾರ್ವರ್ಡ್ ರದ್ದಾಗುತ್ತದೆ. ವಾಟ್ಸ್ಆ್ಯಪ್‌ಗೆ ಎರಡು ಹಂತದ ಪಿನ್ ಇಟ್ಟುಕೊಂಡಿದ್ದರೆ ಆ ಆರು ಅಂಕೆಯ ಕೋಡ್ ಸಿಕ್ಕರೂ ಅವರಿಗೆ ಒಳಗೆ ಬರಲಾಗದು. ಇಟ್ಟುಕೊಳ್ಳದಿದ್ದರೆ ಕಳ್ಳನೇ ಒಂದು ಪಿನ್ ಇಟ್ಟುಬಿಡುತ್ತಾನೆ, ಆಗ ನೀವು 7 ದಿನ ಕಾಯಬೇಕಾಗಬಹುದು. ಅಷ್ಟರೊಳಗೆ ನಿಮ್ಮ ಹೆಸರಿನಲ್ಲಿ ನೆಂಟರಿಗೆಲ್ಲ ‘ಅರ್ಜೆಂಟ್ ದುಡ್ಡು ಬೇಕಿತ್ತು’ ಎಂಬ ಸಂದೇಶ ಹೋಗಿರುತ್ತದೆ. ‘ಲಿಂಕ್ಡ್ ಡಿವೈಸಸ್’ ಪಟ್ಟಿಯನ್ನೂ ಆಗಾಗ ತೆರೆದು ನೋಡಿ. ಗೊತ್ತಿಲ್ಲದ ಕಂಪ್ಯೂಟರಿನ ಹೆಸರು ಕಂಡರೆ ಲಾಗ್‌ಔಟ್ ಒತ್ತಿ.

ಟವರಿನ ಇದೇ ತೊಂದರೆಯಿಂದಾಗಿ ಮಲೆನಾಡಿನವರಿಗೆ ಎಸ್‌ಎಂಎಸ್ ಓಟಿಪಿಗಿಂತ ಅಥೆಂಟಿಕೇಟರ್ ಆ್ಯಪ್ ಹೆಚ್ಚು ಒಗ್ಗುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಓಟಿಪಿ ಬರಲೆಂದು ಫೋನು ಹಿಡಿದು ಗುಡ್ಡದ ತುದಿಗೆ ಹತ್ತಿ, ಅದು ಬರುವಷ್ಟರಲ್ಲಿ ಸಮಯ ಮುಗಿದಿರುವುದು ಇಲ್ಲಿ ದಿನನಿತ್ಯದ ಪಾಡು. ಅಥೆಂಟಿಕೇಟರ್ ಆ್ಯಪ್‌ಗೆ ಟವರೂ ಬೇಡ, ಇಂಟರ್ನೆಟ್ಟೂ ಬೇಡ. ಶುರುವಿನಲ್ಲಿ ಒಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ತಾಣಕ್ಕೂ ನಿಮ್ಮ ಫೋನಿಗೂ ಒಂದೇ ಗುಟ್ಟಿನ ಸಂಖ್ಯೆ ಸಿಗುತ್ತದೆ. ಆಮೇಲೆ ಎರಡೂ ಕಡೆ ಆ ಸಂಖ್ಯೆ ಮತ್ತು ಗಡಿಯಾರದ ಹೊತ್ತನ್ನು ಸೇರಿಸಿ 30 ಸೆಕೆಂಡಿಗೊಮ್ಮೆ ಆರು ಅಂಕೆಯ ಕೋಡ್ ಲೆಕ್ಕ ಹಾಕುತ್ತವೆ. ಕೋಡ್ ತಪ್ಪು ಎಂದು ಬಂದರೆ ಬಹುತೇಕ ಕಾರಣ ಫೋನಿನ ಗಡಿಯಾರ. ‘ಆಟೊಮ್ಯಾಟಿಕ್ ಟೈಮ್’ ಆನ್ ಇರಲಿ. ಸಿಮ್ ಕದ್ದರೂ ಈ ಕೋಡ್ ಕಳ್ಳರಿಗೆ ಹೋಗುವುದಿಲ್ಲ. ದಲ್ಲಾಳಿ ಪುಟಕ್ಕೆ ಮಾತ್ರ ಇದೂ ಬೀಳುತ್ತದೆ, ಏಕೆಂದರೆ ಬರೆದುಕೊಡುವವರು ನೀವೇ.

ದಲ್ಲಾಳಿ ಪುಟಕ್ಕೆ ಸರಿಯಾದ ಮದ್ದು ಪಾಸ್‌ಕೀ. ಅದರಲ್ಲಿ ಬರೆಯಲು ಏನೂ ಇರುವುದಿಲ್ಲ. ಫೋನಿಗೆ ಬೆರಳಿಡುತ್ತೀರಿ ಅಷ್ಟೇ. ಕೀಲಿ ಅಸಲಿ ತಾಣದ ವಿಳಾಸಕ್ಕೇ ಕಟ್ಟಿಕೊಂಡಿರುತ್ತದೆ, ಒಂದಕ್ಷರ ಬೇರೆಯಾದರೂ ಅದು ಹೊರಗೆ ಬರುವುದಿಲ್ಲ. ಕಣ್ಣು ಮೋಸಹೋದರೂ ಕೀಲಿ ಮೋಸಹೋಗದು. ಗೂಗಲ್ ಖಾತೆಗೆ 2023ರಿಂದ ಈ ಸೌಲಭ್ಯವಿದೆ, ಆಂಡ್ರಾಯ್ಡ್ 9 ಮತ್ತು ಅದಕ್ಕಿಂತ ಹೊಸ ಫೋನುಗಳಲ್ಲಿ ನಡೆಯುತ್ತದೆ. ಖಾತೆಯ ‘ಸೆಕ್ಯೂರಿಟಿ’ ಪುಟದಲ್ಲಿ ಪಾಸ್‌ಕೀ ಎಂಬಲ್ಲಿ ಒತ್ತಿದರೆ ಎರಡು ನಿಮಿಷದ ಕೆಲಸ. ಮೋಸ ಸಾಬೀತಾದ ಮೇಲೆ ಪೊಲೀಸ್ ಠಾಣೆ ಸುತ್ತುವ ಹೊತ್ತಿನೊಂದಿಗೆ ಹೋಲಿಸಿದರೆ ಇದು ಏನೂ ಅಲ್ಲ.

ಬೇರೆಯವರ ಮನೆಯಿಂದ ಸಿಕ್ಕ ಕೀಲಿ

ನೀವು ಏನೂ ತಪ್ಪು ಮಾಡದೆಯೂ ಪಾಸ್‌ವರ್ಡ್ ಹೊರಗೆ ಹೋಗಿರಬಹುದು. 2009ರಲ್ಲಿ ರಾಕ್‌ಯೂ ಎಂಬ ಅಮೆರಿಕದ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡುಗಳು ಸೋರಿದವು, ಅವನ್ನು ಗೂಢಲಿಪಿಯೂ ಇಲ್ಲದೆ ಹಾಗೇ ಇಟ್ಟಿದ್ದರು. 2020ರಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಬಳಕೆದಾರರ ಮಾಹಿತಿ ಸೋರಿತು. ಇಂಥ ಪಟ್ಟಿಗಳನ್ನು ಕಳ್ಳರು ಒಟ್ಟುಮಾಡಿ, ಅದೇ ಮೇಲ್ ಮತ್ತು ಅದೇ ಪಾಸ್‌ವರ್ಡನ್ನು ನೂರಾರು ತಾಣಗಳಲ್ಲಿ ಯಂತ್ರದಿಂದ ಹಾಕಿ ನೋಡುತ್ತಾರೆ. ದಿನಸಿ ತರಿಸುವ ಆ್ಯಪ್‌ಗೂ ಮೇಲ್‌ಗೂ ಒಂದೇ ಪಾಸ್‌ವರ್ಡ್ ಇಟ್ಟವರ ಮೇಲ್ ಹಾಗೇ ತೆರೆದುಕೊಳ್ಳುತ್ತದೆ. ನಿಮ್ಮ ಮೇಲ್ ವಿಳಾಸ ಯಾವ ಸೋರಿಕೆಯಲ್ಲಿದೆ ಎಂದು ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ ‘ಹ್ಯಾವ್ ಐ ಬೀನ್ ಪೋನ್ಡ್’ ತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು. ಅದು ಮೇಲ್ ವಿಳಾಸವನ್ನಷ್ಟೇ ಕೇಳುತ್ತದೆ.

ಗೂಢಲಿಪಿಯಲ್ಲಿ ಸೋರಿದರೆ ಬಚಾವ್ ಎನ್ನುವಂತಿಲ್ಲ. ಬರೀ ಸಣ್ಣಕ್ಷರದ 8 ಅಕ್ಷರದ ಪಾಸ್‌ವರ್ಡುಗಳು ಒಟ್ಟು ಸುಮಾರು 20,900 ಕೋಟಿ ಆಗುತ್ತವೆ. ಎಂಡಿ5 ಎಂಬ ಹಳೆಯ ವಿಧಾನದಲ್ಲಿ ಇಟ್ಟಿದ್ದರೆ, ಆಟವಾಡಲು ಕೊಳ್ಳುವ ಒಂದು ದುಬಾರಿ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10,000 ಕೋಟಿಗೂ ಹೆಚ್ಚು ಪ್ರಯತ್ನ ಮಾಡುತ್ತದೆ. ಎರಡು ಸೆಕೆಂಡಿನ ಮಾತು. ಇನ್ನು ಮನುಷ್ಯರು ಆರಿಸುವ ಪಾಸ್‌ವರ್ಡುಗಳ ಜಾಡು ಕಳ್ಳರಿಗೆ ಬಾಯಿಪಾಠ: ಮಗಳ ಹೆಸರು, ಮನೆದೇವರ ಹೆಸರು, ಮುಂದೆ ಒಂದು ಆಟ್ ಚಿಹ್ನೆ, 123. ಹಾಸನದವರು ಕೆಎ 13, ಚಿಕ್ಕಮಗಳೂರಿನವರು ಕೆಎ 18, ಜೊತೆಗೆ ಗಾಡಿ ನಂಬರು ಸೇರಿಸಿದರೆ ಗಟ್ಟಿಯಾಯಿತು ಎಂದುಕೊಳ್ಳುತ್ತಾರೆ. ಆ ನಂಬರು ಗಾಡಿಯ ಹಿಂದೆಯೇ ಬರೆದಿರುತ್ತದೆ.

ಗಟ್ಟಿಯಾಗುವುದು ಉದ್ದದಿಂದ. ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆಯಿರಿ: ಒನಕೆ, ತಗಡು, ಮಿಂಚುಹುಳ, ಬುತ್ತಿ, ಗರಗಸ, ಈ ಥರ. ಇದನ್ನೇ ಬಳಸಬೇಡಿ, ಅಚ್ಚಾಗಿ ಹೋಯಿತು. ಗಾದೆ, ವಚನದ ಸಾಲು, ಸಿನಿಮಾ ಹಾಡು ಬೇಡ. ಅವು ಒಂದರ ಹಿಂದೆ ಒಂದು ಬರುವುದು ಎಲ್ಲರಿಗೂ ಗೊತ್ತು. ಮೂರು ತಿಂಗಳಿಗೊಮ್ಮೆ ಬದಲಿಸಬೇಕೆಂಬ ಹಳೆಯ ಉಪದೇಶವನ್ನು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಕೈಬಿಟ್ಟಿತು. ಹಾಗೆ ಬದಲಿಸಲು ಹೇಳಿದರೆ ಜನ 1 ಇದ್ದಲ್ಲಿ 2 ಹಾಕುತ್ತಾರೆ, ಅಷ್ಟೇ. ಸೋರಿದೆ ಎಂದು ಗೊತ್ತಾದ ದಿನ ಬದಲಿಸಿ.

ಐವತ್ತು ಖಾತೆಗೆ ಐವತ್ತು ಪಾಸ್‌ವರ್ಡ್ ನೆನಪಿಡುವುದು ಯಾರಿಂದಲೂ ಆಗದು. ಫೋನಿನ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಅದರಿಂದ ಇನ್ನೊಂದು ಲಾಭವಿದೆ: ಅಸಲಿ ವಿಳಾಸದಲ್ಲಿ ಮಾತ್ರ ಅದು ತಾನಾಗಿ ತುಂಬುತ್ತದೆ. ಯಾವಾಗಲೂ ತುಂಬುತ್ತಿದ್ದದ್ದು ಇವತ್ತು ಸುಮ್ಮನಿದ್ದರೆ, ಕೈಯಿಂದ ಬರೆಯಲು ಹೋಗುವ ಮೊದಲು ವಿಳಾಸ ನೋಡಿ. ಹತ್ತು ಜನ ಕೂರುವ ಕಂಪ್ಯೂಟರಿನಲ್ಲಿ ಮಾತ್ರ ಏನನ್ನೂ ಸೇವ್ ಮಾಡಬೇಡಿ.

ಮೊದಲು ಮೇಲ್, ಆಮೇಲೆ ಮಿಕ್ಕಿದ್ದು

ಎಲ್ಲ ಖಾತೆಗೂ ಒಂದೇ ದಿನ ಕಾವಲು ಹಾಕಲು ಹೊರಟವರು ಎರಡನೆಯದಕ್ಕೇ ಸೋತು ಬಿಡುತ್ತಾರೆ. ಮೇಲ್ ಒಂದನ್ನು ಭದ್ರ ಮಾಡಿ. ‘ಪಾಸ್‌ವರ್ಡ್ ಮರೆತಿದ್ದೀರಾ?’ ಎಂಬ ಗುಂಡಿ ಒತ್ತಿದರೆ ಉಳಿದ ಖಾತೆಗಳಲ್ಲಿ ಹೆಚ್ಚಿನವುಗಳ ಕೀಲಿ ಬರುವುದು ಅಲ್ಲಿಗೆ. ಪಾಸ್‌ಕೀ ಅಥವಾ ಅಥೆಂಟಿಕೇಟರ್ ಹಾಕಿ, ಗೂಗಲ್ ಕೊಡುವ 10 ಬ್ಯಾಕಪ್ ಕೋಡುಗಳನ್ನು ಕಾಗದಕ್ಕೆ ಬರೆದು ಪಹಣಿ, ಪತ್ರಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಡಿ. ಮಳೆಗಾಲದ ಥಂಡಿಗೆ ಬರೀ ಕಾಗದ ಬೂಷ್ಟು ಹಿಡಿಯುತ್ತದೆ. ಫೋನು ಹೊಳೆಗೆ ಬಿದ್ದ ದಿನ ಅವೇ ಆಸರೆ.

ಮೇಲ್ ಕೈತಪ್ಪಿದೆ ಎಂಬ ಅನುಮಾನ ಬಂದರೆ, ಸೋಂಕು ತಗುಲಿದ ಕಂಪ್ಯೂಟರಿನಲ್ಲಿ ಕೂತು ಪಾಸ್‌ವರ್ಡ್ ಬದಲಿಸಬೇಡಿ, ಹೊಸದನ್ನೂ ಕೊಟ್ಟಂತಾಗುತ್ತದೆ. ಬೇರೆ ಫೋನಿನಿಂದ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್‌ಔಟ್ ಮಾಡಿ. ಕದ್ದ ಕುಕೀ ಸಾಯುವುದು ಈ ಎರಡನೆಯ ಹೆಜ್ಜೆಯಿಂದ. ಆಮೇಲೆ ರಿಕವರಿ ನಂಬರ್ (ಖಾತೆ ಕೈತಪ್ಪಿದರೆ ಮರಳಿ ಪಡೆಯಲು ಕೊಟ್ಟಿರುವ ಫೋನ್ ನಂಬರ್) ನಿಮ್ಮದೇನಾ, ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್‌ಗೆ ಯಾರದಾದರೂ ವಿಳಾಸ ಇದೆಯಾ, ‘ಬ್ಯಾಂಕ್’ ಎಂಬ ಪದವಿರುವ ಮೇಲ್‌ಗಳನ್ನು ನೇರ ಕಸಕ್ಕೆ ತಳ್ಳುವ ಫಿಲ್ಟರ್ ಇದೆಯಾ ನೋಡಿ. ಪಾಸ್‌ವರ್ಡ್ ಬದಲಿಸಿದ ಮೇಲೂ ಮೇಲ್ ಸೋರುವುದಕ್ಕೆ, ಬ್ಯಾಂಕಿನ ಮೇಲ್ ಕಣ್ಣಿಗೆ ಬೀಳದಿರುವುದಕ್ಕೆ ಎಷ್ಟೋ ಸಲ ಈ ಎರಡು ಬಿಲಗಳು ಕಾರಣ. ಕಳ್ಳ ರಿಕವರಿ ನಂಬರ್ ಬದಲಿಸಿದ್ದರೂ ಗೂಗಲ್ ಹಳೆಯ ನಂಬರಿನಿಂದ ಖಾತೆ ಮರಳಿ ಪಡೆಯಲು 7 ದಿನದ ತನಕ ಅವಕಾಶ ಕೊಡುತ್ತದೆ. ಎಂಟನೆಯ ದಿನ ನೆನಪಾದರೆ ಆ ದಾರಿ ಮುಚ್ಚಿರುತ್ತದೆ. ಕಂಪ್ಯೂಟರಿಗೆ ವಿಂಡೋಸ್ ಹೊಸದಾಗಿ ಹಾಕಿಸಿದ ನಂತರವೇ ಅದರಲ್ಲಿ ಮತ್ತೆ ಲಾಗಿನ್ ಆಗಿ.

ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಯಾವ ಖಾತೆಯಿಂದ, ಎಷ್ಟು ಗಂಟೆಗೆ, ಎಷ್ಟು, ಯುಪಿಐ ಆದರೆ 12 ಅಂಕೆಯ ವಹಿವಾಟು ಸಂಖ್ಯೆ, ಇವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಕರೆಮಾಡಿ. ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲು ಅದನ್ನು ತಡೆಹಿಡಿಯುವ ವ್ಯವಸ್ಥೆ ಇದು. ಬೆಳಿಗ್ಗೆ ನೋಡೋಣ ಎಂದರೆ ತಡವಾಗುತ್ತದೆ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ, ಹಾಸನ, ಚಿಕ್ಕಮಗಳೂರು ಎರಡೂ ಕಡೆ ಇರುವ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಬಹುದು. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ 3 ವರ್ಷದ ತನಕ ಸಜೆಯಾಗುವ ಅಪರಾಧ.

ಬ್ಯಾಂಕಿಗೆ ತಿಳಿಸಿದ ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿದ್ದು ಹೀಗೆ: ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಎಲ್ಲೋ ಆಗಿದೆ ಎಂದಾದರೆ, 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಹೊಣೆ ಸೊನ್ನೆ. 4ರಿಂದ 7 ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ 10,000 ರೂಪಾಯಿ. ನೀವೇ ಪಾಸ್‌ವರ್ಡ್ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಿಮ್ಮದು. ತಿಳಿಸಿದ ನಂತರ ಹೋದದ್ದು ಬ್ಯಾಂಕಿನದು. ತಪ್ಪು ಮಾಡಿದೆನಲ್ಲ ಎಂಬ ನಾಚಿಕೆಯಿಂದ ಮನೆಯವರಿಗೂ ಹೇಳದೆ ಕೂರುವವರು ಇದಕ್ಕಾಗಿಯಾದರೂ ಬಾಯಿಬಿಡಬೇಕು. ದೂರಿನ ಸಂಖ್ಯೆ ಮತ್ತು ಸಮಯ ಬರೆದಿಟ್ಟುಕೊಳ್ಳಿ. ಜಾಲತಾಣಗಳಲ್ಲಿ ‘ನಿಮ್ಮ ಖಾತೆ ನಾನು ವಾಪಸ್ ತರಿಸಿಕೊಡುತ್ತೇನೆ’ ಎಂದು ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಕೊನೆಯದಾಗಿ ಸೈಬರ್ ಸೆಂಟರಿನ ನೋಟ್‌ಬುಕ್ಕಿನ ವಿಷಯ. ಕಡೂರು, ಅರಸೀಕೆರೆ, ಬೇಲೂರು, ಯಾವ ಊರಿನ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಗೆ ಹೋದರೂ ಒಂದು ಉದ್ದನೆಯ ಪುಸ್ತಕ ಇರುತ್ತದೆ. ವಿದ್ಯಾರ್ಥಿವೇತನದ ಅರ್ಜಿ ಹಾಕಲು ಬಂದ ಹುಡುಗಿಗೆ ಮೇಲ್ ಇರುವುದಿಲ್ಲ. ಅಂಗಡಿಯವರೇ ಒಂದು ಮಾಡಿಕೊಡುತ್ತಾರೆ, ಹುಡುಗಿಯ ಹೆಸರು ಮತ್ತು 123 ಪಾಸ್‌ವರ್ಡ್, ರಿಕವರಿ ನಂಬರ್ ಅಂಗಡಿಯದು. ಉಪಕಾರಕ್ಕಾಗಿಯೇ ಮಾಡಿದ್ದು, ಅನುಮಾನವಿಲ್ಲ. ಆದರೆ ಅದೇ ಮೇಲ್ ಮುಂದೆ ಸಿಇಟಿಗೆ, ಬ್ಯಾಂಕಿಗೆ, ಕೆಲಸದ ಅರ್ಜಿಗೆ ಹೋಗುತ್ತದೆ, ಕೀಲಿ ಮಾತ್ರ ಆ ಪುಸ್ತಕದಲ್ಲೇ ಉಳಿಯುತ್ತದೆ. ಅಂಗಡಿಯ ಕಂಪ್ಯೂಟರಿಗೆ ಒಂದು ಕಳ್ಳ ಪ್ರೋಗ್ರಾಮ್ ಹೊಕ್ಕರೆ ಊರಿನ ಮಕ್ಕಳ ಖಾತೆಗಳೆಲ್ಲ ಒಂದೇ ಗಂಟಿನಲ್ಲಿ ಹೊರಡುತ್ತವೆ. ಮಗಳ ಮೇಲ್ ಇಂಥದ್ದಾಗಿದ್ದರೆ ಮನೆಯ ಫೋನಿನಲ್ಲಿ ಅದಕ್ಕೆ ಲಾಗಿನ್ ಆಗಿ. ಮೊದಲು ರಿಕವರಿ ನಂಬರನ್ನು ಮನೆಯದಕ್ಕೆ ಬದಲಿಸಿ. ಗೂಗಲ್ ಅಂಗಡಿಯ ನಂಬರಿಗೆ ಒಂದು ಕೋಡ್ ಕಳಿಸಬಹುದು, ಹಾಗಾಗಿ ಅಂಗಡಿ ತೆರೆದಿರುವ ಹೊತ್ತಿನಲ್ಲಿ ಅಲ್ಲೇ ನಿಂತು ಮಾಡಿದರೆ ಒಳ್ಳೆಯದು. ಆಮೇಲೆ ಪಾಸ್‌ವರ್ಡ್, ಎಲ್ಲ ಸಾಧನಗಳಿಂದ ಸೈನ್‌ಔಟ್. ಮುಗಿದ ಮೇಲೆ ಆ ಪುಸ್ತಕದಲ್ಲಿ ಅವಳ ಹೆಸರಿರುವ ಸಾಲನ್ನು ಹೊಡೆದುಹಾಕಲು ಅಂಗಡಿಯವರಿಗೆ ಹೇಳಿ.